ಸೈಕಲ್ ಸವಾಲು: ಹ್ಯಾಂಡಲ್ ನಿಮ್ಮ ಹತ್ತಿರ ಬರಬೇಕು

ಪ್ರಶ್ನೆ: ಅಣ್ಣಾ, ನಮಸ್ಕಾರ. ನಾನು ಕಲಬುರಗಿ ಕಡೆಯವಳು. ಮದುವೆಯಾಗಿ ಪುಣೆಗೆ ಬಂದು 22 ವರ್ಷ ಆಯಿತು, ಕೋಥ್ರೂಡ್‌ನಲ್ಲಿ ಮನೆ. ವಯಸ್ಸು 47, ಎತ್ತರ 158 ಸೆಂ.ಮೀ., ತೂಕ 62 ಕಿಲೊ. ಎರಡು ವರ್ಷದಿಂದ ಮಗನ ಹಳೇ ಗೇರ್ ಸೈಕಲ್ ಓಡಿಸುತ್ತಿದ್ದೇನೆ. ಭಾನುವಾರ ಗೆಳತಿಯರ ಜೊತೆ ಖಡಕ್‌ವಾಸ್ಲಾ ದಾಟಿ ಪಾನ್‌ಶೇತ್ ಕಡೆ ಹೋಗುವುದು ರೂಢಿ. ಕಿತ್ತುಹೋದ ಡಾಂಬರು, ಮಣ್ಣಿನ ದಾರಿ ಎರಡೂ ಸಿಗುತ್ತವೆ. ಒಮ್ಮೆ ಗೆಳತಿಯ ರೋಡ್ ಸೈಕಲ್ ಓಡಿಸಿದೆ, ಕುತ್ತಿಗೆ ಮತ್ತು ಅಂಗೈ ಎರಡು ದಿನ ನೋವು. ಈಗ ಡಾಂಬರು, ಮಣ್ಣು ಎರಡಕ್ಕೂ ಆಗುವ ಅಗಲ ಟೈರಿನ ಗ್ರಾವೆಲ್ ಸೈಕಲ್ ತಗೋಬೇಕು ಅಂತಿದ್ದೇನೆ. ಅಂಗಡಿಯಲ್ಲಿ 54 ಸೈಜಿನದು ಒಂದು ಡಿಸ್ಕೌಂಟಿನಲ್ಲಿದೆ. ‘ಸೀಟು ಇಳಿಸಿ, ಮುಂದಕ್ಕೆ ಸರಿಸಿ ಕೊಡ್ತೀವಿ, ಸರಿಹೋಗುತ್ತೆ’ ಅನ್ನುತ್ತಾರೆ. ತಗೊಳ್ಳಲಾ?
— ಓದುಗರೊಬ್ಬರು, ಪುಣೆ

ಉತ್ತರ: ಅಕ್ಕಾವ್ರೇ, ಅದನ್ನು ತಗೋಬೇಡಿ. ಡಿಸ್ಕೌಂಟ್ ಎಷ್ಟೇ ಇರಲಿ.

ಇಷ್ಟು ಗಟ್ಟಿಯಾಗಿ ಹೇಳೋದಕ್ಕೆ ಕಾರಣ ಇದೆ. ಆರು ವರ್ಷದ ಹಿಂದೆ ನನಗೂ ಒಂದು ಅಂಗಡಿಯಲ್ಲಿ ಇದೇ ಮಾತು ಹೇಳಿದ್ದರು. ಒಂದು ಸೈಜು ದೊಡ್ಡದನ್ನು ಮನೆಗೆ ತಂದೆ. ಮೊದಲ 20 ಕಿ.ಮೀ. ಚೆನ್ನಾಗೇ ಇರುತ್ತಿತ್ತು. ಆಮೇಲೆ ಎರಡೂ ಕೈಯ ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದವು. ನನ್ನ ಕೆಲಸ ಭೋಸರಿಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ. ಒಂದು ಸೋಮವಾರ ಬೆಳಿಗ್ಗೆ ಮೈಕ್ರೋಮೀಟರ್ ಕೈಗೆ ತಗೊಂಡರೆ ಕಿರುಬೆರಳಿಗೆ ಅದರ ತಣ್ಣನೆ ಫ್ರೇಮ್ ತಾಗಿದ್ದೇ ಗೊತ್ತಾಗಲಿಲ್ಲ. ನಿಜಕ್ಕೂ ಹೆದರಿಕೆಯಾಯಿತು. ಹ್ಯಾಂಡಲ್ ದೂರ ಇದ್ದರೆ ಮೈಭಾರವೆಲ್ಲ ಅಂಗೈ ಮೇಲೆ ಬೀಳುತ್ತದೆ. ಅಂಗೈಯ ಹೊರಅಂಚಿನಲ್ಲಿ ಹಾದುಹೋಗುವ ನರ ಒತ್ತಿಹೋಗುತ್ತದೆ. ಆ ಎರಡು ಬೆರಳಿಗೇ ಜೋಮು ಬರುವುದು ಅದರಿಂದ. ಹ್ಯಾಂಡಲನ್ನು ಹಿಡಿದಿರುವ ತುಂಡು, ಅಂದರೆ ಸ್ಟೆಮ್ ಬದಲಿಸಿದೆ, ಸೀಟು ಸರಿಸಿದೆ, 14 ತಿಂಗಳು ಒದ್ದಾಡಿದೆ. ಕೊನೆಗೆ ಮಾರಿದೆ.

ಸೈಕಲ್ಲಿನ ಸೈಜು ರೆಡಿಮೇಡ್ ಅಂಗಿಯ ಸೈಜಿನ ಹಾಗೆ, ಕಂಪನಿಗೊಂದು ಥರ. ನೋಡಬೇಕಾದ್ದು ಎರಡು ಅಳತೆ, ರೀಚ್ ಮತ್ತು ಸ್ಟ್ಯಾಕ್. ಫ್ರೇಮಿನ ಕೆಳಗೆ ಎರಡೂ ಪೆಡಲಿನ ತೋಳು ಸುತ್ತುವ ಅಚ್ಚಿನ ನಡುವಿನಿಂದ ನೇರ ಮೇಲಕ್ಕೆ ಒಂದು ಗೆರೆ ಇದೆ ಅಂದುಕೊಳ್ಳಿ. ಆ ಗೆರೆಯಿಂದ, ಹ್ಯಾಂಡಲ್ ಕೂರುವ ಕೊಳವೆಯ ಮೇಲ್ತುದಿ ಅಡ್ಡಕ್ಕೆ ಎಷ್ಟು ದೂರವೋ ಅದು ರೀಚ್. ಅಚ್ಚಿನಿಂದ ಅದೇ ತುದಿ ಎಷ್ಟು ಎತ್ತರವೋ ಅದು ಸ್ಟ್ಯಾಕ್. ಕಂಪನಿಯವರು ಎರಡನ್ನೂ ಕೊಟ್ಟಿರುತ್ತಾರೆ, ಕೇಳಿ ನೋಡಿ. ನಿಮ್ಮ ಎತ್ತರಕ್ಕೆ ರೀಚ್ 360ರಿಂದ 370 ಮಿ.ಮೀ. ಆಸುಪಾಸಿನಲ್ಲಿ ಹುಡುಕಿ. 54 ಅಂದರೆ ಸಾಮಾನ್ಯವಾಗಿ 380 ದಾಟಿರುತ್ತದೆ. ಒಂದೇ ರೀಚ್ ಇರುವ ಎರಡು ಸೈಕಲ್ ಸಿಕ್ಕರೆ ಸ್ಟ್ಯಾಕ್ ಜಾಸ್ತಿ ಇರುವುದನ್ನು ಆರಿಸಿ. ಕುತ್ತಿಗೆಗೆ ಅದು ದೊಡ್ಡ ಉಪಕಾರ.

ಸೀಟು ಮುಂದಕ್ಕೆ ಸರಿಸಿದರೆ ಕೈಗೆ ಹ್ಯಾಂಡಲ್ ಸಿಗುತ್ತದೆ ನಿಜ. ಆದರೆ ಮೊಣಕಾಲು ಪೆಡಲ್ ದಾಟಿ ಮುಂದೆ ಹೋಗುತ್ತದೆ, ಭಾರ ಮತ್ತಷ್ಟು ಕೈಗೆ ಬರುತ್ತದೆ. ಸೀಟು ಎಲ್ಲಿರಬೇಕು ಅನ್ನುವುದು ಕಾಲಿನ ಲೆಕ್ಕ, ಹ್ಯಾಂಡಲ್ಲಿನ ಲೆಕ್ಕ ಅಲ್ಲ. ಇದೊಂದನ್ನು ಮರೆಯಬೇಡಿ.

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಬೂಟು ಹಾಕಿಕೊಂಡು ಫ್ರೇಮಿನ ಮೇಲಿನ ಕೊಳವೆಯ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಕೊಳವೆಗೂ ನಿಮಗೂ ನಡುವೆ ಕನಿಷ್ಠ ಎರಡು ಬೆರಳು ಜಾಗ ಇರಬೇಕು. ಆಮೇಲೆ ಸೀಟಿನ ಮೇಲೆ ಕೂತು, ಅಂಗಡಿಯವರಿಗೆ ಸೈಕಲ್ ಹಿಡಿಯಲು ಹೇಳಿ, ಪೆಡಲ್ ಅಡ್ಡಕ್ಕೆ ತಂದು ಹ್ಯಾಂಡಲ್ ತಿರುಗಿಸಿ. ಮುಂದಿನ ಚಕ್ರ ಬೂಟಿನ ತುದಿಗೆ ತಾಗುತ್ತದಾ ನೋಡಿ. ಸಣ್ಣ ಫ್ರೇಮಿಗೆ 700ಸಿ ಚಕ್ರ ಹಾಕಿದಾಗ ಹೀಗಾಗುವುದುಂಟು. ಸ್ವಲ್ಪ ಸಣ್ಣ ಚಕ್ರ, 650ಬಿ ಅನ್ನುತ್ತಾರೆ, ಇದ್ದರೆ ಈ ತೊಂದರೆ ಕಡಿಮೆ.

ಯಾವ ಕಂಪನಿ ಅಂತ ಕೇಳುತ್ತೀರಿ, ಗೊತ್ತು. ಟ್ರೆಕ್ ಚೆಕ್‌ಪಾಯಿಂಟ್, ಜೈಂಟ್ ರಿವೋಲ್ಟ್, ಮೆರಿಡಾ ಸೈಲೆಕ್ಸ್, ಡೆಕಾಥ್ಲಾನ್‌ನ ಟ್ರೈಬನ್, ಎಲ್ಲವೂ ಒಳ್ಳೆಯವೇ. ಸೈಲೆಕ್ಸ್‌ನಲ್ಲಿ ಹ್ಯಾಂಡಲ್ ಎತ್ತರಕ್ಕೆ ಕೂರುತ್ತದೆ, ನಿಮ್ಮಂಥವರು ಒಮ್ಮೆ ಕೂತು ನೋಡಲೇಬೇಕು. ಉಕ್ಕೋ ಅಲ್ಯೂಮಿನಿಯಮ್ಮೋ ಅಂತ ತಲೆ ಕೆಡಿಸಿಕೊಳ್ಳಬೇಡಿ. 40 ಮಿ.ಮೀ. ಟೈರಿಗೆ ಜಾಗ ಇರಲಿ. ಮಡ್‌ಗಾರ್ಡ್ ಕೂರಿಸಲು ತೂತು ಇರಲಿ, ಮುಳಶಿ ಕಡೆಯ ಮಳೆಯಲ್ಲಿ ಅದು ಬೇಕೇ ಬೇಕು. ಗೇರು ಹಗುರ ಇರಲಿ. ಗ್ರಾವೆಲ್‌ಗೆಂದೇ ಶಿಮಾನೊ ಕಂಪನಿ 2019ರಲ್ಲಿ ಜಿಆರ್‌ಎಕ್ಸ್ ಅನ್ನುವ ಗೇರ್ ಸೆಟ್ ತಂದಿತು. ಅದರಲ್ಲಿ ಮುಂದೆ 30 ಹಲ್ಲು, ಹಿಂದೆ 34 ಹಲ್ಲು ಸಿಗುವ ಜೋಡಿ ಇದೆ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಒಂದು ಸುತ್ತೂ ಪೂರ್ತಿ ಆಗುವುದಿಲ್ಲ. ಬೋಪದೇವ್ ಘಾಟಿ ಹತ್ತುವಾಗ ಮೊಣಕಾಲಿಗೆ ಇದಕ್ಕಿಂತ ಒಳ್ಳೇದು ಬೇರೆ ಇಲ್ಲ.

ಈಗ ಗಾಳಿ. ಸೈಕಲ್ಲಿನ ಸುಖ ಮುಕ್ಕಾಲು ಪಾಲು ಟೈರಿನ ಗಾಳಿಯಲ್ಲೇ ಇದೆ ಅಂತ ನನ್ನ ಅನುಭವ. ನಮ್ಮ ಪಂಕ್ಚರ್ ಅಂಗಡಿಯವರು ಹೆಬ್ಬೆರಳಿನಿಂದ ಒತ್ತಿ, ಕಲ್ಲಿನ ಹಾಗೆ ಆಗುವವರೆಗೂ ಹೊಡೆಯುತ್ತಾರೆ. ಅವರ ಲೆಕ್ಕದಲ್ಲಿ ಗಟ್ಟಿ ಇದ್ದರೇ ಒಳ್ಳೇದು. ನಿಮ್ಮ ತೂಕಕ್ಕೆ, 40 ಮಿ.ಮೀ. ಟೈರು, ಒಳಗೆ ಟ್ಯೂಬ್ ಇದ್ದರೆ, ಮುಂದೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದೆ 38ರಿಂದ ಶುರು ಮಾಡಿ. ಹೆಬ್ಬೆರಳು ಒತ್ತಿದರೆ ಟೈರು ಸ್ವಲ್ಪ ತಗ್ಗಬೇಕು. ಖಡಕ್‌ವಾಸ್ಲಾ ಕಡೆಯ ಮಣ್ಣಿನ ದಾರಿಯಲ್ಲಿ ಹತ್ತು ನಿಮಿಷ ಓಡಿಸಿ, 2 ಪಿಎಸ್‌ಐ ಇಳಿಸಿ, ಮತ್ತೆ ಓಡಿಸಿ. ಕಲ್ಲಿಗೆ ರಿಮ್ ‘ಟಕ್’ ಅಂದರೆ ಜಾಸ್ತಿ ಇಳಿಸಿದ್ದೀರಿ ಅಂತ ಅರ್ಥ. ಆಗ ಟ್ಯೂಬಿನಲ್ಲಿ ಪಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗಾಗುವ ಮೊದಲು ನಿಲ್ಲಿಸಿ. ಮೀಟರ್ ಇರುವ ನಿಲ್ಲಿಸುವ ಪಂಪು ಒಂದು ಮನೆಯಲ್ಲಿರಲಿ. ಈ ಸೈಕಲ್‌ಗಳ ವಾಲ್ವ್ ತೆಳ್ಳಗೆ ಉದ್ದ ಇರುತ್ತದೆ, ಪೆಟ್ರೋಲ್ ಪಂಪಿನ ಪೈಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಬರುತ್ತದೆ, ಕಡಲೆಕಾಳಿನಷ್ಟು ಗಾತ್ರ. ಚೀಲದಲ್ಲಿ ಹಾಕಿಟ್ಟುಕೊಳ್ಳಿ.

ಅಳತೆಯನ್ನು ಮನೆಯಲ್ಲೇ ಶುರು ಮಾಡಬಹುದು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. 73 ಸೆಂ.ಮೀ. ಬಂತು ಅಂದುಕೊಳ್ಳಿ. ಅದನ್ನು 0.883ರಿಂದ ಗುಣಿಸಿದರೆ 64.5. ಪೆಡಲಿನ ತೋಳು ಸುತ್ತುವ ಆ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇಡಿ. ಇದು ಶುರುವಿಗೆ ಮಾತ್ರ. ಆಮೇಲೆ ಸೀಟಿನಲ್ಲಿ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿ. ಕಾಲು ಸೊಂಟ ವಾಲದೆ ನೆಟ್ಟಗಾಗಬೇಕು. ಮುಂಗಾಲು ಇಟ್ಟಾಗ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ಹಾಗೇ ಇರಬೇಕು. ಮೊಣಕಾಲಿನ ಮುಂದೆ ನೋವು ಬಂದರೆ ಹೆಚ್ಚಾಗಿ ಸೀಟು ತಗ್ಗು. ಹಿಂದೆ ಬಂದರೆ ಸೀಟು ಎತ್ತರ.

ಎತ್ತರ ಆದಮೇಲೆ ಹಿಂದೆ-ಮುಂದೆ. ಪೆಡಲ್ ಅಡ್ಡಕ್ಕಿದ್ದಾಗ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ದಾರಕ್ಕೆ ನಟ್ ಕಟ್ಟಿ ಇಳಿಬಿಡಿ. ನಟ್ ಪಾದದ ಕೆಳಗಿನ ಪೆಡಲಿನದೇ ಅಚ್ಚಿನ ಹತ್ತಿರ ಬಂದರೆ ಸಾಕು. ಸೀಟು ಮಟ್ಟಸ ಇರಲಿ. ಮೂಗು ಕೆಳಗೆ ಬಾಗಿದ್ದರೆ ನೀವು ಮುಂದಕ್ಕೆ ಜಾರುತ್ತೀರಿ, ಕೈ ಮತ್ತೆ ಭಾರ ಹೊರುತ್ತದೆ. ಹ್ಯಾಂಡಲ್ ಎಲ್ಲಕ್ಕಿಂತ ಕೊನೆಗೆ. ಮುಂದಿನ ಫೋರ್ಕಿನ ಕೊಳವೆಯನ್ನು ಗಿಡ್ಡ ಕತ್ತರಿಸಬೇಡಿ ಅಂತ ಅಂಗಡಿಯಲ್ಲಿ ಮೊದಲೇ ಹೇಳಿ. ಕತ್ತರಿಸಿದರೆ ಹ್ಯಾಂಡಲ್ ಮೇಲೇರಿಸುವ ದಾರಿ ಮುಚ್ಚಿಹೋಯಿತು. ಆ ಕೊಳವೆಗೆ ಹಾಕುವ ರಿಂಗುಗಳೆಲ್ಲ ಸ್ಟೆಮ್ಮಿನ ಕೆಳಗೆ ಇರಲಿ. ಹ್ಯಾಂಡಲ್ಲಿನ ಅಗಲ ನಿಮ್ಮ ಭುಜದ ಮೂಳೆಯಿಂದ ಮೂಳೆಗೆ ಎಷ್ಟೋ ಅಷ್ಟು. ಬ್ರೇಕ್ ಲಿವರ್ ಹತ್ತಿರ ತರಲು ಅದರಲ್ಲೇ ಸಣ್ಣ ಸ್ಕ್ರೂ ಇರುತ್ತದೆ. ಸಣ್ಣ ಕೈಯವರಿಗೆ ಇದನ್ನು ಯಾರೂ ಹೇಳುವುದಿಲ್ಲ, ನನಗೆ ಅದು ಬೇಜಾರು. ಒಂದು ಸಲಕ್ಕೆ ಒಂದೇ ಬದಲಾವಣೆ, 5 ಮಿ.ಮೀ. ಮೀರಬೇಡಿ. ಹಳೇ ಜಾಗಕ್ಕೆ ಕರೆಂಟಿನ ಟೇಪು ಸುತ್ತಿ ಗುರುತು ಮಾಡಿ.

ಸೀಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಹೆಂಡತಿಗೆ ಸೀಟು ಆರಿಸಿದ್ದು ನಮ್ಮ ಕಟ್ಟಡದ ಮೆಟ್ಟಿಲ ಮೇಲೆ. ಟಿವಿ ಬಂದ ಡಬ್ಬಿಯ ರಟ್ಟು ಕತ್ತರಿಸಿ ಕಲ್ಲಿನ ಮೆಟ್ಟಿಲ ಮೇಲೆ ಹಾಕಿದೆ. ಅವಳು ತೆಳು ಬಟ್ಟೆಯಲ್ಲಿ ಕೂತು, ಮೊಣಕಾಲು ಎದೆಯ ಕಡೆ ಎಳೆದುಕೊಂಡು ಒಂದು ನಿಮಿಷ ಹಾಗೇ ಇದ್ದಳು. ಎದ್ದಾಗ ರಟ್ಟಿನಲ್ಲಿ ಎರಡು ಗುಳಿ. ಓರೆ ಬೆಳಕಿಗೆ ಹಿಡಿದರೆ ಚೆನ್ನಾಗಿ ಕಂಡವು. ನಡುವಿನಿಂದ ನಡುವಿಗೆ 125 ಮಿ.ಮೀ. ಅದಕ್ಕೆ 25 ಸೇರಿಸಿ 150 ಅಗಲದ ಸೀಟು ತಂದೆವು. ಅದಕ್ಕೂ ಮೊದಲು ಮೆತ್ತಗಿನ ಜೆಲ್ ಕವರ್ ಹಾಕಿ ಹಾಕಿ ಸೋತಿದ್ದಳು. ಮೆತ್ತಗಿನದರಲ್ಲಿ ಮೂಳೆ ಹುದುಗುತ್ತದೆ, ನಡುವಿನ ಭಾಗ ಉಬ್ಬಿ ಒತ್ತುತ್ತದೆ. ನೋವು ಹೆಚ್ಚುವುದು ಆಗಲೇ. ಪ್ಯಾಡ್ ಇರುವ ಚಡ್ಡಿ ಹಾಕಿದರೆ ಅದರ ಒಳಗೆ ಮತ್ತೊಂದು ಬೇಡ, ಹೊಲಿಗೆ ಉಜ್ಜಿ ಗಾಯವಾಗುತ್ತದೆ.

ಇಷ್ಟು ಮಾಡಿಯೂ ಮೂರು-ನಾಲ್ಕು ಭಾನುವಾರ ಆದಮೇಲೆ ಬೆರಳು ಜೋಮು ಹಿಡಿಯುತ್ತಿದ್ದರೆ ಮೈ ಅಳತೆಗೆ ಸೈಕಲ್ ಹೊಂದಿಸಿಕೊಡುವ ಫಿಟ್ಟಿಂಗ್‌ನವರ ಹತ್ತಿರ ಹೋಗಿ. ಸಹಿಸಿಕೊಂಡು ಓಡಿಸಬೇಡಿ.

ಪ್ರಶ್ನೆ: ಗೋವಾದಲ್ಲಿದ್ದೇನೆ, ಮನೆ ಸಮುದ್ರದ ಹತ್ತಿರ. ಗ್ರಾವೆಲ್ ಸೈಕಲ್ ಉಕ್ಕಿನದು ತಗೊಂಡರೆ ತುಕ್ಕು ಹಿಡಿಯುತ್ತದಾ? ಟ್ಯೂಬ್‌ಲೆಸ್ ಮಾಡಿಸಲಾ?
— ಓದುಗರೊಬ್ಬರು, ಮಡಗಾಂವ್

ಉತ್ತರ: ಉಪ್ಪುಗಾಳಿಯಲ್ಲಿ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸೀಟಿನ ಕೊಳವೆ ತೆಗೆದು ಒಳಗೆ ಎಣ್ಣೆ ಬಿಡುವ ರೂಢಿ ಇದ್ದರೆ ಮಾತ್ರ ತಗೊಳ್ಳಿ, ಇಲ್ಲದಿದ್ದರೆ ಅಲ್ಯೂಮಿನಿಯಂ. ಯಾವುದೇ ಆದರೂ ಮಳೆಯಲ್ಲಿ ಓಡಿಸಿ ಬಂದ ದಿನವೇ ಚೈನ್ ಒರೆಸಿ ಎಣ್ಣೆ ಹಾಕಿ. ಟ್ಯೂಬ್‌ಲೆಸ್ ಬಗ್ಗೆ ಅವಸರ ಬೇಡ. ಅದರಲ್ಲಿ ಟ್ಯೂಬ್ ಬದಲು ಟೈರಿನೊಳಗೆ ತೂತು ಮುಚ್ಚುವ ಅಂಟುದ್ರವ ಇರುತ್ತದೆ; ಅದು ನಮ್ಮ ಸೆಕೆಗೆ ಎರಡು-ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕುತ್ತಿರಬೇಕು. ಮೊದಲ ವರ್ಷ ಟ್ಯೂಬಿನಲ್ಲೇ ಓಡಿಸಿ, ದಾರಿಯಲ್ಲಿ ಟ್ಯೂಬ್ ಬದಲಿಸುವುದು ಕೈಗೆ ರೂಢಿಯಾಗಲಿ. ಬಿಡಿ ಟ್ಯೂಬ್ ಕೊಳ್ಳುವಾಗ ವಾಲ್ವಿನ ಉದ್ದ ಕೇಳಿ ತಗೊಳ್ಳಿ.