ಕಷ್ಟದಲ್ಲಿರೋವಾಗ ದೇವರಿಗೆ ಸ್ತೋತ್ರ ಹೇಳೋದು ನಾಟಕ ಆಗಲ್ವಾ?

ಕೆಲಸ ಹೋಗಿದೆ, ಮನೇಲಿ ಅಮ್ಮಂಗೆ ಹುಷಾರಿಲ್ಲ, ಹಿಂಗಿರೋವಾಗ ಯಾವ ಬಾಯಲ್ಲಿ ಸ್ತೋತ್ರ, ಅಂದ್ರೆ ದೇವರಿಗೆ ಥ್ಯಾಂಕ್ಸ್, ಹೇಳ್ಲಿ ಅಂತ ಕೇಳಿದೀರ. ಮೊದ್ಲು ಅತ್ತುಬಿಡಿ, ಅದು ಅವಿಶ್ವಾಸ ಅಲ್ಲ. ಬೈಬಲ್‌ನಲ್ಲಿರೋ 13ನೇ ಕೀರ್ತನೆ ಬರೀ ಆರೇ ವಚನ, ಶುರುವಾಗೋದೇ ಇನ್ನೂ ಎಷ್ಟು ದಿನ ನನ್ನ ಮರೆತಿರ್ತೀಯ ಅನ್ನೋ ದೂರಿಂದ, ಹಾಡು ಬರೋದು ಕೊನೇಲಿ. ಹಬಕ್ಕೂಕ ಪ್ರವಾದಿನೂ 3ನೇ ಅಧ್ಯಾಯದಲ್ಲಿ ಅಂಜೂರ ಚಿಗುರಿಲ್ಲ, ಹೊಲದಲ್ಲಿ ಬೆಳೆ ಇಲ್ಲ, ಹಟ್ಟೀಲಿ ಕುರಿ ಇಲ್ಲ, ಕೊಟ್ಟಿಗೇಲಿ ದನ ಇಲ್ಲ ಅಂತ ಒಂದೊಂದಾಗಿ ಎಲ್ಲಾ ಹೇಳ್ಕೊಂಡು ಆಮೇಲೆನೇ ಆದ್ರೂ ನಾನು ದೇವರಲ್ಲಿ ಸಂತೋಷಪಡ್ತೀನಿ ಅಂತಾನೆ, ಇಲ್ಲದ್ದನ್ನ ಇದೆ ಅಂದಿಲ್ಲ ನೋಡಿ, ಹಂಗಾಗಿ ಅದು ನಾಟಕ ಅಲ್ಲ.

ಇನ್ನು ಅಭ್ಯಾಸದ ವಿಷ್ಯ. ಮನಸ್ಸು ಬರ್ಲಿ ಅಂತ ಕಾಯ್ಬೇಡಿ, ರಾತ್ರಿ ಪ್ರಾರ್ಥನೆ ಟೈಮಲ್ಲಿ ಒಂದೇ ಒಂದು ವಿಷ್ಯ ನೋಟ್‌ಬುಕ್ಕಲ್ಲಿ ಬರೀರಿ, ಅದೂ ಎಲ್ಲಾದಕ್ಕೂ ಸ್ತೋತ್ರ ಅಂತ ಸುಮ್ನೆ ಅಲ್ಲ, ಪಕ್ಕದ್ಮನೆ ಆಂಟಿ ಆಸ್ಪತ್ರೆಗೆ ಗಂಜಿ ತಂದ್ಕೊಟ್ರು, ಅಮ್ಮ ಇವತ್ತು ಎರಡು ಇಡ್ಲಿ ತಿಂದ್ರು, ಹಿಂಗೆ. ಬಾಯೇ ಬರ್ದಿದ್ರೆ ಚರ್ಚ್ ಸಭೆಯವರನ್ನ ಯಾರನ್ನಾದ್ರೂ ಕರೀರಿ, ಬೈಬಲ್ಲಲ್ಲೂ ಫಿಲಿಪ್ಪಿ ಅನ್ನೋ ಊರಿನ ಜೈಲಲ್ಲಿ ಕಾಲಿಗೆ ಕೋಳ ಹಾಕಿದ್ರೂ ಮಧ್ಯರಾತ್ರಿ ಹಾಡಿದ್ದು ಯೇಸುವಿನ ಸುವಾರ್ತೆ ಸಾರ್ತಿದ್ದ ಪೌಲ ಒಬ್ನೇ ಅಲ್ಲ, ಅವನ ಜೊತೆಗಾರ ಸೀಲನೂ ಜೊತೇಲಿದ್ದ.