ವಿಜಯಪುರದಲ್ಲಿ ಕೂತು ಅಂತರರಾಷ್ಟ್ರೀಯ ಸೈಬರ್ ಭದ್ರತೆ ಸಂಶೋಧನೆ ಆಗುತ್ತಾ? ಪೇಪರ್ ಯಾವ ಸಮ್ಮೇಳನಕ್ಕೆ ಕಳಿಸಬೇಕು?

ನೀವು ಕೇಳಿದ್ದು ಮೂರು. ವಿಜಯಪುರದಲ್ಲಿ ಎಂ.ಟೆಕ್ ಮುಗಿಸಿದವರು ಊರು ಬಿಡದೆ ಈ ವಿಷಯದಲ್ಲಿ ಪಿಎಚ್.ಡಿ. ಮಾಡಬಹುದೇ, ಯಾವ ಸಮ್ಮೇಳನ ಒಳ್ಳೆಯದು, ಮತ್ತೆ ‘ನಿಮ್ಮ ಪೇಪರ್ ಸ್ವೀಕೃತವಾಗಿದೆ, ಮೂರು ದಿನದೊಳಗೆ 8,500 ರೂಪಾಯಿ ಕಟ್ಟಿ’ ಅಂತ ಬಂದಿರುವ ಮೇಲ್ ನಂಬಬಹುದೇ. ಗಡುವು ಇರೋದು ಕೊನೆಯದಕ್ಕೆ, ಅದನ್ನೇ ಮೊದಲು ಮುಗಿಸೋಣ: ಕಟ್ಟಬೇಡ್ರಿ.

ಕಳಿಸಿದ ನಾಲ್ಕನೇ ದಿನಕ್ಕೆ ಸ್ವೀಕಾರ ಬಂದಿದೆ ಅಂದ್ರೆ ಅದನ್ನು ಯಾರೂ ಓದಿಲ್ಲ. ಸರಿಯಾದ ಕಡೆ ರಿವ್ಯೂಗೆ, ಅಂದರೆ ವಿಷಯ ಬಲ್ಲವರು ಓದಿ ಪರೀಕ್ಷಿಸೋದಕ್ಕೆ, ವಾರಗಟ್ಟಲೆ, ಬಹಳ ಸಲ ಎರಡು ಮೂರು ತಿಂಗಳೇ ಹಿಡಿಯುತ್ತೆ. ‘ರಿವ್ಯೂವರ್‌ಗಳ ಟಿಪ್ಪಣಿ ಕಳಿಸಿ’ ಅಂತ ಒಂದು ಸಾಲು ಬರೆದು ನೋಡಿ. ನಿಜವಾದ ಟಿಪ್ಪಣಿಯಲ್ಲಿ ನಿಮ್ಮ ಎರಡನೇ ಕೋಷ್ಟಕದ ಬಗ್ಗೆ, ನೀವು ಬಿಟ್ಟ ಹಿಂದಿನ ಕೆಲಸದ ಬಗ್ಗೆ ಮಾತಿರುತ್ತೆ. ‘ಉತ್ತಮ ಪ್ರಯತ್ನ, ವ್ಯಾಕರಣ ಸರಿಪಡಿಸಿ’ ಅಂತಷ್ಟೇ ಬಂದರೆ ಅದು ಎಲ್ಲರಿಗೂ ಹೋಗುವ ಅಚ್ಚು. ಹೆಸರನ್ನೂ ನೋಡಿ: ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್, ಫಾರ್ಮಸಿ, ಮಾನವಿಕ ಎಲ್ಲ ಒಂದೇ ಬ್ಯಾನರಿನಡಿ ಇದ್ದರೆ ಅದು ಸಮ್ಮೇಳನವಲ್ಲ, ಸಂತೆ. ‘ಯುಜಿಸಿ ಕೇರ್ ಮಾನ್ಯತೆ’ ಅಂತ ಈಗಲೂ ಹಾಕಿಕೊಂಡಿದ್ದರೆ ಇನ್ನೂ ಸುಲಭ. ಅದು ಜರ್ನಲ್‌ಗಳ ಪಟ್ಟಿ, ಅದನ್ನೂ ಯುಜಿಸಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಎಂಜಿನಿಯರ್‌ಗಳ ಜಾಗತಿಕ ಸಂಸ್ಥೆ ಐಇಇಇ ಹೆಸರು ಹೇಳಿದರೆ ಐಇಇಇಯ ಸ್ವಂತ ಕಾನ್ಫರೆನ್ಸ್ ಹುಡುಕಾಟದ ಪುಟದಲ್ಲಿ ಅದೇ ಹೆಸರು, ಅದೇ ದಿನಾಂಕ, ಅದೇ ಊರು ಸಿಗಬೇಕು. ಪ್ರಕಟಿತ ಪೇಪರ್‌ಗಳ ಸೂಚಿಯಾದ ಸ್ಕೋಪಸ್ ಹೆಸರು ಹೇಳಿದರೆ ಅವರ ಸೋರ್ಸ್ ಪಟ್ಟಿಯಲ್ಲಿ ಹಿಂದಿನ ವರ್ಷದ ಸಂಪುಟ ಇದೆಯಾ ನೋಡಿ, ಅದು ದುಡ್ಡಿಲ್ಲದೆ ತೆರೆಯುತ್ತೆ. ‘ಸ್ಕೋಪಸ್‌ಗೆ ಕಳಿಸಲಾಗುವುದು’ ಅನ್ನುವ ಮಾತಿಗೆ ಬೆಲೆ ಇಲ್ಲ. ಹಣ ವ್ಯಕ್ತಿಯ ಯುಪಿಐಗೆ ಹೋಗುತ್ತಿದ್ದರಂತೂ ಮುಂದೆ ನೋಡುವ ಅಗತ್ಯವೇ ಇಲ್ಲ.

ಪೇಪರ್ ಆಗಲೇ ಅವರ ಕೈಯಲ್ಲಿದೆಯಲ್ಲ, ಅದಕ್ಕೆ ಇವತ್ತೇ ಹಿಂಪಡೆಯುವ ಮೇಲ್ ಹಾಕಿ: ಪೇಪರ್ ಸಂಖ್ಯೆ, ಶೀರ್ಷಿಕೆ, ‘ಪ್ರಕಟಣೆಗೆ ನನ್ನ ಒಪ್ಪಿಗೆ ಇಲ್ಲ’ ಎಂಬ ಒಂದು ವಾಕ್ಯ. ಕಾಪಿರೈಟ್ ಫಾರ್ಮ್‌ಗೆ ಸಹಿ ಮಾಡಬೇಡಿ. ಒಮ್ಮೆ ಅವರ ಸೈಟಿಗೆ ಏರಿದ್ದನ್ನು ಆಮೇಲೆ ಒಳ್ಳೆಯ ಜರ್ನಲ್‌ಗೆ ಕಳಿಸಿದರೆ ಹೋಲಿಕೆ ತಪಾಸಣೆಯಲ್ಲಿ ನಿಮ್ಮ ಬರಹವೇ ನಿಮಗೆ ಎದುರು ನಿಲ್ಲುತ್ತೆ. 8,500 ಹೋದದ್ದಕ್ಕಿಂತ ಆ ನಷ್ಟ ದೊಡ್ಡದು.

ಇನ್ನು ವಿಷಯಕ್ಕೆ. ‘ಅಂತರರಾಷ್ಟ್ರೀಯ ಸೈಬರ್ ಭದ್ರತೆ’ ಅನ್ನೋದು ಒಂದೇ ಶಾಸ್ತ್ರವಲ್ಲ. ದಾಳಿಯನ್ನು ಪತ್ತೆ ಹಚ್ಚುವ, ತಡೆಯುವ ತಾಂತ್ರಿಕ ಕವಲು ಒಂದು. ದಾಳಿ ಮಾಡಿದ ದೇಶವನ್ನು ಹೆಸರಿಸೋದು ಯಾವಾಗ, ಯಾವ ಕಾನೂನು ಅನ್ವಯ, ಯಾರು ಯಾವ ನಿಯಮಕ್ಕೆ ಒಪ್ಪಿದ್ದಾರೆ ಅನ್ನುವ ನೀತಿ–ಕಾನೂನು ಕವಲು ಇನ್ನೊಂದು. ಎಂ.ಟೆಕ್ ಮುಗಿಸಿದವರು ಸಾಮಾನ್ಯವಾಗಿ ಮೊದಲಿನದಕ್ಕೆ ಹೋಗಿ, ಶೀರ್ಷಿಕೆಗೆ ಮಾತ್ರ ಎರಡನೆಯದರ ಪದ ಅಂಟಿಸುತ್ತಾರೆ. ರಿವ್ಯೂವರ್‌ಗೆ ಅದು ಮೊದಲ ಪುಟದಲ್ಲೇ ಗೊತ್ತಾಗುತ್ತೆ.

ತಾಂತ್ರಿಕ ಕಡೆಯ ಒಂದು ಉದಾಹರಣೆ ನೋಡಿ. ನಮ್ಮ ಕಡೆ ಬರುವ ಪೇಪರ್‌ಗಳಲ್ಲಿ ಜಾಲದ ಸಂಚಾರವನ್ನು ದಾಖಲಿಸಿದ ಸಿಐಸಿ ಐಡಿಎಸ್ 2017 ಡೇಟಾಸೆಟ್ ಮೇಲೆ ‘ಶೇ. 99.8 ನಿಖರತೆ’ ಅನ್ನುವ ಸಾಲು ಮಾಮೂಲಿ. ಆ ಡೇಟಾ ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದವರು 2017ರ ಜುಲೈ 3ರಿಂದ 7ರವರೆಗೆ, ಐದು ದಿನ ಹಿಡಿದದ್ದು. ಸೋಮವಾರ ದಾಳಿಯೇ ಇಲ್ಲ. ಉಳಿದ ದಿನ ಒಂದೊಂದು ದಾಳಿಗೆ ಒಂದೊಂದು ಹೊತ್ತು. ಹೊರಗಿನ ದಾಳಿಗಳೆಲ್ಲ ಹೆಚ್ಚುಕಡಿಮೆ 172.16.0.1 ಎಂಬ ಒಂದೇ ಐಪಿ ವಿಳಾಸದಿಂದ ಬಂದಂತೆ ಕಾಣುತ್ತವೆ. ನೀವು ಐಪಿ, ಸಮಯ, ಫ್ಲೋ ಐಡಿ (ಸಂಪರ್ಕದ ಗುರುತು) ಕಾಲಂ ತೆಗೆಯದೆ, ಸಾಲುಗಳನ್ನು ಕಲಸಿ ಕಲಿಸಲು 80, ಪರೀಕ್ಷೆಗೆ 20 ಅಂತ ಭಾಗ ಮಾಡಿದರೆ ಮಾಡೆಲ್ ಕಲಿಯೋದು ದಾಳಿಯನ್ನಲ್ಲ, ಆ ವಿಳಾಸವನ್ನು. ಸುಮಾರು 28 ಲಕ್ಷ ಸಾಲಿನಲ್ಲಿ ನೂರಕ್ಕೆ 80 ಭಾಗ ಸಾಮಾನ್ಯ ಸಂಚಾರವೇ ಆದ್ದರಿಂದ ಏನೂ ಮಾಡದೆ ಎಲ್ಲಕ್ಕೂ ‘ದಾಳಿಯಲ್ಲ’ ಅಂದರೂ 80 ನಿಖರತೆ ಬರುತ್ತೆ. ಹಾರ್ಟ್‌ಬ್ಲೀಡ್‌ ಎಂಬ ದಾಳಿಗೆ ಇರೋದು 11 ಸಾಲು, ಇನ್‌ಫಿಲ್ಟ್ರೇಶನ್‌ಗೆ 36. ಅವುಗಳ ಮೇಲೆ ಏನನ್ನೂ ಸಾಧಿಸಿ ತೋರಿಸಲು ಆಗಲ್ಲ. ಆ ಕಾಲಂಗಳನ್ನು ತೆಗೆಯಿರಿ, ದಿನದ ಪ್ರಕಾರ ಭಾಗ ಮಾಡಿ, ಪ್ರತಿ ವರ್ಗದ ರೀಕಾಲ್ (ನಿಜವಾದ ದಾಳಿಗಳಲ್ಲಿ ಎಷ್ಟು ಪಾಲು ಸಿಕ್ಕಿತು ಅನ್ನೋದು) ಬೇರೆ ಕೊಡಿ, ತಪ್ಪು ಎಚ್ಚರಿಕೆಯನ್ನು ಎಣಿಕೆಯಲ್ಲೇ ಹೇಳಿ. ‘ಶೇ. 1’ ಅಂದರೆ ಸಣ್ಣದಾಗಿ ಕೇಳುತ್ತೆ. ದಿನಕ್ಕೆ 10 ಲಕ್ಷ ಸಂಪರ್ಕ ಇರುವ ಜಾಲದಲ್ಲಿ ಅದು 10,000 ಸುಳ್ಳು ಎಚ್ಚರಿಕೆ. ಕೂತು ನೋಡೋರು ಯಾರು?

ನಿಮ್ಮ ಜಾಗದಲ್ಲಿ ಇದ್ದವರಿಗೆ ನಾನು ಹೇಳೋದು ಎರಡನೇ ಕವಲು. ಲ್ಯಾಬ್ ಬೇಡ, ಸರ್ವರ್ ಬೇಡ, ಮೂಲ ದಾಖಲೆ ಎಲ್ಲ ಉಚಿತ. ಮೊದಲು ಸೈಬರ್ ವಿಷಯಕ್ಕೆ ವಿಶ್ವಸಂಸ್ಥೆ ಮಾಡಿದ ಸರ್ಕಾರಿ ತಜ್ಞರ ಗುಂಪಿನ 2015ರ ವರದಿ ಓದಿ, ದಾಖಲೆ ಸಂಖ್ಯೆ ಎ/70/174. ಅದರ 13ನೇ ಪ್ಯಾರಾದಲ್ಲಿ 11 ನಡವಳಿಕೆ ನಿಯಮಗಳಿವೆ: ತನ್ನ ನೆಲದಿಂದ ಬೇರೆ ದೇಶದ ಮೇಲೆ ದಾಳಿ ಆಗೋದನ್ನು ಗೊತ್ತಿದ್ದೂ ಬಿಡಬಾರದು, ಮೂಲಸೌಕರ್ಯ ಕೆಡಿಸಬಾರದು, ಕೊನೆಯದು, ಇನ್ನೊಂದು ದೇಶದ ತುರ್ತು ಸ್ಪಂದನಾ ತಂಡಕ್ಕೆ, ಅಂದರೆ ನಮ್ಮ ಸರ್ಟ್‌–ಇನ್ ಥರದ ತಂಡಕ್ಕೆ ಧಕ್ಕೆ ಮಾಡಬಾರದು. ಆ ವರದಿ ಬರೆದ 20 ದೇಶಗಳಲ್ಲಿ ಭಾರತ ಇರಲಿಲ್ಲ, ಪಾಕಿಸ್ತಾನ ಇತ್ತು. ಮುಂದಿನ ಗುಂಪಿನಲ್ಲಿ ಭಾರತ ಇತ್ತು, ಆದರೆ 2017ರಲ್ಲಿ ಆ ಗುಂಪು ಒಮ್ಮತಕ್ಕೆ ಬರದೆ ಮುರಿಯಿತು. ಅದರ ಬೆನ್ನಿಗೆ ಎಲ್ಲ ದೇಶಗಳಿಗೂ ತೆರೆದ ಕಾರ್ಯಗುಂಪು 2019ರಲ್ಲಿ ಶುರುವಾಯಿತು, ಎರಡನೆಯದು 2021ರಿಂದ 2025ರ ಜುಲೈವರೆಗೆ 11 ಅಧಿವೇಶನ ನಡೆಸಿ ಅಂತಿಮ ವರದಿ ಕೊಟ್ಟಿತು. ಈ ಅಧಿವೇಶನಗಳಲ್ಲಿ ಭಾರತ ಏನು ಹೇಳಿತು, ಯಾವ ನಿಯಮದ ಬಗ್ಗೆ ಮಾತಾಡಲೇ ಇಲ್ಲ ಅನ್ನೋದು ಒಂದು ಪಿಎಚ್.ಡಿ. ಅಧ್ಯಾಯಕ್ಕೆ ಸಾಕಷ್ಟು.

ಮಾಡೋ ಬಗೆ: ದೇಶಗಳ ಲಿಖಿತ ಹೇಳಿಕೆಗಳು ವಿಶ್ವಸಂಸ್ಥೆಯ ಮೀಟಿಂಗ್ಸ್ ಪ್ಲೇಸ್ ಪುಟದಲ್ಲಿ ಸಿಗುತ್ತವೆ. ಒಂದು ಎಕ್ಸೆಲ್ ಹಾಳೆ, ಸಾಲಿಗೊಂದು ಹೇಳಿಕೆ, ಕಾಲಂಗೊಂದು ನಿಯಮ, ಜತೆಗೆ ದಿನಾಂಕ ಮತ್ತು ಪುಟ. ಇಲ್ಲಿ ಎಡವೋದು ಹೀಗೆ: ಎಲ್ಲ ದೇಶವೂ ಲಿಖಿತ ಪ್ರತಿ ಹಾಕಿರಲ್ಲ. ಬಾಯಲ್ಲಿ ಹೇಳಿ ಬಿಟ್ಟದ್ದನ್ನು ವಿಶ್ವಸಂಸ್ಥೆಯ ವೆಬ್ ಟಿವಿಯಿಂದ ಕೇಳಿ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮಾತಾಡಿದ ದೇಶವನ್ನು ಮೌನಿ ಅಂತ ಎಣಿಸುತ್ತೀರಿ. ಇನ್ನೊಬ್ಬರಿಂದ 40 ಹೇಳಿಕೆಗಳನ್ನು ಸ್ವತಂತ್ರವಾಗಿ ಗುರುತು ಮಾಡಿಸಿ ಕೋಹೆನ್ ಕಪ್ಪಾ (ಆಕಸ್ಮಿಕ ಹೊಂದಿಕೆ ಕಳೆದು ಇಬ್ಬರ ಗುರುತು ಎಷ್ಟು ಹೊಂದಿತು ಅನ್ನುವ ಅಳತೆ) ಲೆಕ್ಕ ಹಾಕಿ. ಬರಿ ‘ನೂರಕ್ಕೆ 90 ಹೊಂದಿತು’ ಅಂದರೆ ಆಗಲ್ಲ. ಹೆಚ್ಚಿನ ಕೋಶಗಳು ‘ಇಲ್ಲ’ ಇರುವಾಗ ಕಣ್ಣು ಮುಚ್ಚಿ ಬರೆದರೂ ಅಷ್ಟು ಹೊಂದುತ್ತೆ. ಕಪ್ಪಾ 0.6ಕ್ಕಿಂತ ಕೆಳಗಿದ್ದರೆ ತಪ್ಪು ಇರೋದು ನಿಮ್ಮ ನಿಯಮ ವಿವರಣೆಯಲ್ಲಿ. ಅದನ್ನು ತಿದ್ದಿ, ಬೇರೆ 40 ತೆಗೆದುಕೊಳ್ಳಿ.

ಘಟನೆ ಆಧರಿಸಿ ಬರೆಯೋದಾದರೆ ಮೂಲಗಳನ್ನು ಬೆರೆಸಬೇಡಿ. ಕೂಡಂಕುಳಂ ಅಣುಸ್ಥಾವರದ 2019ರ ಘಟನೆ ತೆಗೆದುಕೊಳ್ಳಿ. ಅಕ್ಟೋಬರ್ 29ಕ್ಕೆ ಸ್ಥಾವರದ ಕಡೆಯಿಂದ ನಿರಾಕರಣೆ, 30ಕ್ಕೆ ಅದನ್ನು ನಡೆಸುವ ಎನ್‌ಪಿಸಿಐಎಲ್‌ನಿಂದ ‘ಆಡಳಿತದ ಕೆಲಸದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಇದ್ದದ್ದು ನಿಜ, ಸರ್ಟ್‌–ಇನ್ ಸೆಪ್ಟೆಂಬರ್ 4ರಂದು ಗಮನಿಸಿ ತಿಳಿಸಿತ್ತು’ ಅನ್ನುವ ಅರ್ಥದ ಹೇಳಿಕೆ. ಅದು ಉತ್ತರ ಕೊರಿಯಾದ ಗುಂಪಿನ ಕೆಲಸ ಅನ್ನೋದು ಖಾಸಗಿ ಸಂಶೋಧಕರ ಮಾತು. ಮಾಲ್‌ವೇರ್ ಯಾವುದು, ಗುಂಪು ಯಾವುದು, ಹಿಂದಿರುವ ದೇಶ ಯಾವುದು: ಇವು ಮೂರು ಮೆಟ್ಟಿಲು, ಒಂದೊಂದಕ್ಕೂ ಪುರಾವೆ ಬೇರೆ. ಪೇಪರ್‌ನಲ್ಲಿ ಒಂದೇ ವಾಕ್ಯದಲ್ಲಿ ಮೂರನ್ನೂ ಹತ್ತಿಬಿಟ್ಟರೆ ವಾಪಸ್ ಬರುತ್ತೆ. ಅಮೆರಿಕದ ಅಧ್ಯಯನ ಸಂಸ್ಥೆ ಕೌನ್ಸಿಲ್ ಆನ್ ಫಾರಿನ್ ರಿಲೇಶನ್ಸ್‌ನ ಸೈಬರ್ ಟ್ರ್ಯಾಕರ್ 2005ರಿಂದ ದೇಶ–ಪ್ರಾಯೋಜಿತ ದಾಳಿಗಳನ್ನು ಪಟ್ಟಿ ಮಾಡಿದೆ, ಉಪಯೋಗಿಸಿ. ಆದರೆ ಬಹಿರಂಗ ಆದದ್ದಷ್ಟೇ ಅಲ್ಲಿ ಬರುತ್ತೆ, ‘ಭಾರತದ ಮೇಲೆ ದಾಳಿ ಕಡಿಮೆ’ ಅಂತ ಅದರಿಂದ ತೀರ್ಮಾನಿಸಬೇಡಿ.

ಗೈಡ್ ವಿಚಾರ. ಬೆಳಗಾವಿಯ ವಿಟಿಯು ಅಡಿ ಕಂಪ್ಯೂಟರ್ ಸೈನ್ಸ್‌ನಲ್ಲಿ ನೋಂದಾಯಿಸಿದರೆ ಕೆಲಸದಲ್ಲಿ ತಾಂತ್ರಿಕ ಭಾಗ ಇರಲೇಬೇಕು. ಹೇಳಿಕೆಗಳ ಪಠ್ಯ ವಿಶ್ಲೇಷಣೆ ಅದಕ್ಕೆ ಚೆನ್ನಾಗಿ ಒದಗುತ್ತೆ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದವರನ್ನು ಸಹ–ಗೈಡ್ ಆಗಿ ಕೇಳಿ ನೋಡಿ, ನೋಂದಣಿಗೆ ಮುಂಚೆಯೇ. ಆಮೇಲೆ ಸೇರಿಸೋದು ಕಾಗದಪತ್ರದ ತಲೆನೋವು. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 2025ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್ ತೆರೆದಿವೆ. ನಿಮ್ಮದು ಖಾಸಗಿ ಕಾಲೇಜಾದರೆ ವಿಶ್ವವಿದ್ಯಾಲಯದ ಲೈಬ್ರರಿಯ ಲಾಗಿನ್ ಕೇಳಿ.

ಸಮ್ಮೇಳನಗಳು. ನೀತಿ–ಕಾನೂನಿಗೆ ನನ್ನ ಮೊದಲ ಆಯ್ಕೆ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ 2009ರಿಂದ ನಡೆಯುವ ಸೈಕಾನ್. 2007ರಲ್ಲಿ ಆ ಪುಟ್ಟ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರದ ಸೈಟುಗಳ ಮೇಲೆ ದಾಳಿಯಾದ ಮರುವರ್ಷ ಅಲ್ಲಿ ನೇಟೋದ ಸೈಬರ್ ಕೇಂದ್ರಕ್ಕೆ ಮಾನ್ಯತೆ ಸಿಕ್ಕಿತು, ಸಮ್ಮೇಳನ ಅವರದ್ದೇ. ಹಳೆಯ ಸಂಪುಟಗಳೆಲ್ಲ ಉಚಿತ. ಸಮ್ಮೇಳನ ಮೇ ಕೊನೆಗೆ ಅಥವಾ ಆಸುಪಾಸು, ಸಾರಾಂಶ ಕೇಳೋದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಹಾಗಾಗಿ ದಸರಾ ಹೊತ್ತಿಗೆ ಕರಡು ಕೈಯಲ್ಲಿರಲಿ. ಹೆಸರು ಮುಚ್ಚಿ ಕಳಿಸಬೇಕಾದ ಕಡೆ ಪಿಡಿಎಫ್‌ನ ಪ್ರಾಪರ್ಟೀಸ್‌ನಲ್ಲಿ ನಿಮ್ಮ ಹೆಸರು ಉಳಿದಿರುತ್ತೆ, ‘ನಮ್ಮ ಹಿಂದಿನ ಪೇಪರ್‌ನಲ್ಲಿ’ ಅನ್ನುವ ಮಾತೂ ಉಳಿದಿರುತ್ತೆ. ಎರಡನ್ನೂ ತೆಗೆಯಿರಿ. ಭದ್ರತೆಯ ಅರ್ಥಶಾಸ್ತ್ರಕ್ಕೆ 2002ರಿಂದ ನಡೆಯುವ ವೈಸ್ ಕಾರ್ಯಾಗಾರ ಇದೆ.

ತಾಂತ್ರಿಕದಲ್ಲಿ ಐಇಇಇ ಎಸ್ ಅಂಡ್ ಪಿ, ಯೂಸ್‌ನಿಕ್ಸ್ ಸೆಕ್ಯೂರಿಟಿ, ಎಸಿಎಂ ಸಿಸಿಎಸ್, ಎನ್‌ಡಿಎಸ್‌ಎಸ್ ಈ ನಾಲ್ಕು ಶಿಖರ. ಓದಲು ಇವು, ಮೊದಲ ಪೇಪರ್ ಕಳಿಸಲು ಬೇಡ. ಅದಕ್ಕೆ ಭಾರತದಲ್ಲೇ ಡಿಸೆಂಬರ್‌ನಲ್ಲಿ ನಡೆಯುವ ಐಸಿಐಎಸ್ಎಸ್ ಸರಿ, 2005ರಿಂದ ಇದೆ, ಸಂಪುಟ ಸ್ಪ್ರಿಂಗರ್‌ನದ್ದು. ಗೋವಾದಲ್ಲಿ 2010ರಲ್ಲಿ ಶುರುವಾದ ನಲ್‌ಕಾನ್ ಸಂಶೋಧನಾ ಸಂಪುಟ ತರುವ ಜಾಗವಲ್ಲ, ಆದರೆ ದಾಳಿ–ರಕ್ಷಣೆ ಮಾಡುವವರೇ ಅಲ್ಲಿ ಸಿಗುತ್ತಾರೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು.

ಟ್ಯಾಲಿನ್ ಸಿಕ್ಕರೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾ ಬೇಕು: ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಆಗಬಾರದು, ಶುಲ್ಕ 90 ಯೂರೋ, ಬೆರಳಚ್ಚಿಗೆ ಖುದ್ದು ಹೋಗಬೇಕು. ಆಹ್ವಾನ ಪತ್ರದಲ್ಲಿರುವ ಹೆಸರು ಪಾಸ್‌ಪೋರ್ಟ್‌ನಂತೆಯೇ ಇರಬೇಕು. ನಮ್ಮ ಕಡೆ ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಬರೆಯೋ ರೂಢಿ ಇದೆಯಲ್ಲ, ಪೇಪರ್ ಕಳಿಸುವ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರು ತುಂಬಿ.