ಅಪ್ಪ ಅಮ್ಮನ ಜೊತೆ ಟಾಹೋ ದಡದಲ್ಲಿ ಟೆಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾದ ಬೇ ಏರಿಯಾ ಓದುಗರದು. ಎಲ್ಲರೂ ಕೇಳಿರುವುದು ಕ್ಯಾಲಿಫೋರ್ನಿಯಾ, ನೆವಾಡಾ ಗಡಿಯ ಬೆಟ್ಟಗಳ ನಡುವಿನ ಲೇಕ್ ಟಾಹೋ ಸರೋವರದ ಬಗ್ಗೆಯೇ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗಿ ಸರೋವರದ ದಡದ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕಬಹುದಾ, ಏನೇನು ನೋಡಿಕೊಳ್ಳಬೇಕು ಅಂತ. ಹಾಗಾಗಿ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಪ್ಪ ಅಮ್ಮ ಚಿಕ್ಕಮಗಳೂರಿನಿಂದ ಬಂದಿದ್ದಾರೆ. ಅಪ್ಪನಿಗೆ ಬಿ.ಪಿ. ಇದೆ, ಅಮ್ಮನಿಗೆ ಮಂಡಿ ನೋವು. ಟಾಹೋದಲ್ಲಿ ಟೆಂಟ್ ಹಾಕಿ ಇರೋಣ ಅಂದರೆ ಅಪ್ಪ ರೆಡಿ, ಅಮ್ಮ ಹೆದರುತ್ತಿದ್ದಾರೆ. ಎಮರಾಲ್ಡ್ ಬೇ ತುಂಬ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಅಲ್ಲೇ ಇರಬಹುದಾ? (ಫ್ರೀಮಾಂಟ್)

ಕರೆದುಕೊಂಡು ಹೋಗಿ. ಆದರೆ ಎಮರಾಲ್ಡ್ ಬೇಯಲ್ಲಿ ಬೇಡ. ನೋಡಿಕೊಂಡು ಬನ್ನಿ, ಇರುವುದಕ್ಕೆ ಶುಗರ್ ಪೈನ್ ಪಾಯಿಂಟ್ ಹಿಡಿಯಿರಿ.

ಸರೋವರದ ಪಶ್ಚಿಮ ದಡದಲ್ಲಿ, ಹೈವೇ 89ರ ಉದ್ದಕ್ಕೂ, ಮೂರು ಸ್ಟೇಟ್ ಪಾರ್ಕುಗಳಿವೆ: ಎಮರಾಲ್ಡ್ ಬೇ, ಡಿ.ಎಲ್. ಬ್ಲಿಸ್, ಶುಗರ್ ಪೈನ್ ಪಾಯಿಂಟ್. ಎಮರಾಲ್ಡ್ ಬೇಯಲ್ಲಿ ರಸ್ತೆಯ ಮೇಲೆ ನಿಂತು ನೋಡುವ ನೋಟಕ್ಕೆ ಸಾಟಿಯಿಲ್ಲ, ಅದು ನಿಜ. ಕೆಳಗೆ ಹಸಿರು ನೀಲಿ ನೀರು, ನಡುವೆ ಫ್ಯಾನೆಟ್ ಅನ್ನುವ ಪುಟ್ಟ ದ್ವೀಪ. ಇಡೀ ಟಾಹೋಗೆ ಇರುವುದು ಅದೊಂದೇ ದ್ವೀಪ. ಆದರೆ ನೀರಿನ ಹತ್ತಿರ ಹೋಗಬೇಕು, 1929ರಲ್ಲಿ ಕಟ್ಟಿದ ವೈಕಿಂಗ್ಸ್‌ಹೋಮ್ ಬಂಗಲೆ ನೋಡಬೇಕು ಅಂದರೆ ಒಂದು ಮೈಲಿ ಕಡಿದಾದ ದಾರಿಯಲ್ಲಿ ಇಳಿಯಬೇಕು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು, ಅಲ್ವಾ? ಮಂಡಿ ನೋವಿರುವವರಿಗೆ ಇಳಿಯುವುದೇ ಜಾಸ್ತಿ ಕಷ್ಟ. ಬ್ಲಿಸ್ ಪಾರ್ಕಿನ ಬೀಚು ಬಹಳ ಸೊಗಸು, ಆದರೆ ಅಲ್ಲೂ ಏರಿಳಿತ ಇದೆ. ದುರಸ್ತಿ ಕೆಲಸಕ್ಕಾಗಿ ಅಲ್ಲಿನ ಕ್ಯಾಂಪ್‌ಗ್ರೌಂಡ್ ಮುಚ್ಚಿದ್ದೂ ಉಂಟು, ಆದ್ದರಿಂದ ಮೊದಲೇ ವಿಚಾರಿಸಿ.

ಶುಗರ್ ಪೈನ್ ಪಾಯಿಂಟಿನಲ್ಲಿ ಮಾತ್ರ ಹಿರಿಯರು ನೀರಿನ ಪಕ್ಕದಲ್ಲೇ ಆರಾಮಾಗಿ ಇರಬಹುದು. ಹಳೇ ಬಂಗಲೆಯೊಂದರ ಮುಂದೆ ದೊಡ್ಡ ಹುಲ್ಲುಹಾಸು ಸರೋವರದ ಕಡೆಗೆ ಮೆಲ್ಲಗೆ ಇಳಿಯುತ್ತದೆ, ನೀರಿನೊಳಕ್ಕೆ ಚಾಚಿದ ಕಟ್ಟೆಯೂ ಇದೆ. ಬೆನ್ನಿಗೆ ಆಸರೆ ಇರುವ ಮಡಚುವ ಕುರ್ಚಿ ಹಾಕಿಕೊಟ್ಟರೆ ನಿಮ್ಮ ತಾಯಿ ಇಡೀ ಬೆಳಿಗ್ಗೆ ಅಲ್ಲೇ ಕೂತಿರಬಹುದು. ಒಂದು ವಿಷಯ ನೆನಪಿಡಿ: ಟೆಂಟ್ ಹಾಕುವ ಜನರಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಇರುವುದು ಹೈವೇಯ ಆಚೆ ಕಡೆ, ಕಾಡಿನೊಳಗೆ. ಸರೋವರ ಈಚೆ ಕಡೆ. ಟೆಂಟಿನಿಂದ ಎದ್ದರೆ ಎದುರಿಗೆ ನೀರು ಅಂದುಕೊಂಡು ಹೋಗಬೇಡಿ. ಅವರನ್ನು ದಡಕ್ಕೆ ಕಾರಿನಲ್ಲಿ ಬಿಟ್ಟು ಕರೆದುಕೊಂಡು ಬನ್ನಿ.

ಇನ್ನು ಅಪ್ಪನ ಬಿ.ಪಿ. ಟಾಹೋದ ನೀರಿನ ಮಟ್ಟವೇ ಸಮುದ್ರ ಮಟ್ಟದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿದೆ. ನಿಮ್ಮ ಊರಿನ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಆಸುಪಾಸು. ಅಂದರೆ ಅವರು ಹೆಚ್ಚುಕಡಿಮೆ ಗಿರಿಯ ನೆತ್ತಿಯ ಎತ್ತರದಲ್ಲೇ ಎರಡು ಮೂರು ದಿನ ಉಂಡು ಮಲಗಬೇಕು. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮೊದಲ ದಿನ ಸ್ವಲ್ಪ ತಲೆನೋವು, ಬೇಗ ಏದುಸಿರು. ಹೊರಡುವ ಮುಂಚೆ ಡಾಕ್ಟರಿಗೆ ಒಂದು ಮಾತು ಕೇಳಿ. ಮಾತ್ರೆಗಳು ಕೈಗೆ ಸಿಗುವ ಚೀಲದಲ್ಲಿರಲಿ. ಹೋದ ದಿನ ಎಲ್ಲೂ ಸುತ್ತಿಸಬೇಡಿ, ನೀರು ಕುಡಿಸಿ, ಬೇಗ ಮಲಗಿಸಿ. ಜುಲೈ ತಿಂಗಳಲ್ಲೂ ರಾತ್ರಿ 5 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯಬಹುದು. ಸ್ವೆಟರ್, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ಚಳಿ ಬರುವುದು ಜಾಸ್ತಿ ನೆಲದಿಂದ. ಮೇಲೆ ಎಷ್ಟು ಹೊದ್ದರೂ ಕೆಳಗೆ ದಪ್ಪ ಪ್ಯಾಡ್ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಮಂಡಿ ನೋವಿರುವವರಿಗೆ ನೆಲದಿಂದ ಏಳುವುದೂ ಕಷ್ಟ, ಅಮ್ಮನಿಗೆ ಮಡಚುವ ಮಂಚ ತೆಗೆದುಕೊಳ್ಳಿ. ಅವರ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ಪ್ರಶ್ನೆ: ಯಾವಾಗ ನೋಡಿದರೂ ಬುಕಿಂಗ್ ಫುಲ್. ಜಾಗ ಸಿಗುವುದಾದರೂ ಹೇಗೆ? ನ್ಯಾಷನಲ್ ಪಾರ್ಕ್ ಪಾಸ್ ಇದೆ, ಅದು ನಡೆಯುತ್ತದಾ? (ಸನ್ನಿವೇಲ್)

ನಡೆಯುವುದಿಲ್ಲ. ಅದು ಕೇಂದ್ರ ಸರ್ಕಾರದ ಪಾರ್ಕುಗಳಿಗೆ, ಇವು ಕ್ಯಾಲಿಫೋರ್ನಿಯಾ ರಾಜ್ಯದ ಪಾರ್ಕುಗಳು.

ಬುಕಿಂಗ್ ರಿಸರ್ವ್ ಕ್ಯಾಲಿಫೋರ್ನಿಯಾ ಅನ್ನುವ ಜಾಲತಾಣದಲ್ಲಿ, ಆರು ತಿಂಗಳು ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಜುಲೈ 15ಕ್ಕೆ ಬೇಕಿದ್ದರೆ ಜನವರಿ 15ರ ಬೆಳಿಗ್ಗೆ ಲಾಗಿನ್ ಆಗಿ ಕಾಯುತ್ತಿರಬೇಕು. ಶುಕ್ರವಾರ ಶನಿವಾರ ಕ್ಷಣದಲ್ಲಿ ಖಾಲಿ. ಭಾನುವಾರದಿಂದ ಗುರುವಾರದವರೆಗೆ ನೋಡಿ. ನಿಮಗೆ ರಜೆ ಹಾಕುವುದು ಕಷ್ಟ ಇರಬಹುದು, ಆದರೆ ಊರಿಂದ ಬಂದವರಿಗೆ ಎಲ್ಲ ವಾರವೂ ಒಂದೇ, ಅಲ್ವಾ? ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆ ಕಳೆದ ಮೇಲೆ ಜನ ಕಡಿಮೆಯಾಗುತ್ತಾರೆ, ಸೊಳ್ಳೆಯೂ ಕಡಿಮೆ. ಆ ಹೊತ್ತಿನಲ್ಲಿ ಕಾಡ್ಗಿಚ್ಚಿನ ಹೊಗೆ ಬರುವ ಸಾಧ್ಯತೆ ಇದೆ, 2021ರ ಕಾಲ್ಡೋರ್ ಬೆಂಕಿಯಲ್ಲಿ ಸೌತ್ ಲೇಕ್ ಟಾಹೋ ಊರನ್ನೇ ಖಾಲಿ ಮಾಡಿಸಿದ್ದರು. ಹೊರಡುವ ಹಿಂದಿನ ದಿನ ಗಾಳಿಯ ಗುಣಮಟ್ಟ ನೋಡಿ.

ಬೇರೆಯವರು ರದ್ದು ಮಾಡಿದ ಸೈಟುಗಳು, ಅಂದರೆ ಟೆಂಟ್ ಹಾಕುವ ಜಾಗಗಳು, ಆಗಾಗ ಬರುತ್ತಿರುತ್ತವೆ, ಹೋಗುವ ವಾರದವರೆಗೂ ನೋಡುತ್ತಿರಿ. ಒಂದು ಕೋರಿಕೆ. ಬುಕ್ ಮಾಡಿ ಹೋಗಲಾಗದಿದ್ದರೆ ದಯವಿಟ್ಟು ರದ್ದು ಮಾಡಿ. ಸುಮ್ನೆ ಖಾಲಿ ಬಿದ್ದಿರುವ ಒಂದೊಂದು ಸೈಟಿಗೂ ಯಾವುದೋ ಮನೆಯವರು ಕಾಯುತ್ತಿರುತ್ತಾರೆ.

ಪ್ರಶ್ನೆ: ನಾಲ್ಕು ಫ್ಯಾಮಿಲಿ ಸೇರಿ ಹೋಗುತ್ತಿದ್ದೇವೆ, ಒಟ್ಟು 14 ಜನ. ಬಿಸಿಬೇಳೆ ಬಾತ್, ಚಿತ್ರಾನ್ನ, ಬಜ್ಜಿ ಎಲ್ಲಾ ಅಲ್ಲೇ ಮಾಡುವ ಪ್ಲಾನ್. ಕರಡಿ ಬರುತ್ತದೆ ಅಂತ ಹೆದರಿಸುತ್ತಿದ್ದಾರೆ. ನಿಜವಾ? (ಸ್ಯಾನ್ ರಮೋನ್)

ನಿಜ. ಬರುತ್ತದೆ.

ಮೊದಲು ಕರಡಿ ಯಾವುದು ಅಂತ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಬಾವುಟದ ಮೇಲಿರುವ ಗ್ರಿಜ್ಲಿ ಈಗ ಆ ರಾಜ್ಯದಲ್ಲಿ ಒಂದೂ ಇಲ್ಲ, ಸುಮಾರು ನೂರು ವರ್ಷದ ಹಿಂದೆಯೇ ಅಳಿದುಹೋಯಿತು. ಟಾಹೋದಲ್ಲಿರುವುದು ಅಮೆರಿಕದ ಕಪ್ಪು ಕರಡಿ. ನಮ್ಮ ಕಾಡಿನ ಕರಡಿ ಗಾಬರಿಯಾದರೆ ಮೈಮೇಲೆ ಬೀಳುವುದೇ ಜಾಸ್ತಿ. ಈ ಕಪ್ಪು ಕರಡಿ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ದೂರ ಹೋಗುತ್ತದೆ. ಅದಕ್ಕೆ ಬೇಕಾಗಿರುವುದು ನೀವಲ್ಲ, ನಿಮ್ಮ ಊಟ. ಮೂಗು ಬಹಳ ಚುರುಕು. ಕಾರಿನ ಬಾಗಿಲು ತೆಗೆಯುವುದನ್ನೂ ಕಲಿತಿವೆ. ತೆಗೆಯಲಾಗದಿದ್ದರೆ ಕಿತ್ತೇ ಬಿಡುತ್ತವೆ.

ಅದಕ್ಕೇ ಪ್ರತಿ ಸೈಟಿನಲ್ಲೂ ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಬೇರ್ ಲಾಕರ್. ಅದರ ಚಿಲಕ ಒಳಗೆ ಅಡಗಿರುತ್ತದೆ, ಬೆರಳು ತೂರಿಸಿ ತೆಗೆಯಬೇಕು, ಕರಡಿಯ ಪಂಜ ಅಲ್ಲಿಗೆ ಹೋಗುವುದಿಲ್ಲ. ವಾಸನೆ ಬರುವ ಎಲ್ಲವೂ ಅದರೊಳಗೇ ಹೋಗಬೇಕು. ಊಟ ತಿಂಡಿ ಮಾತ್ರ ಅಂದುಕೊಳ್ಳಬೇಡಿ. ಟೂತ್‌ಪೇಸ್ಟ್, ಸೋಪು, ಕೊಬ್ಬರಿ ಎಣ್ಣೆ, ಮಗುವಿನ ಹಾಲಿನ ಬಾಟಲಿ, ಅಜ್ಜಿಯ ದಿಂಬಿನ ಕೆಳಗಿನ ಕೆಮ್ಮಿನ ಪೆಪ್ಪರ್‌ಮೆಂಟು, ಊದುಬತ್ತಿ, ಖಾಲಿ ಮಾಡಿದ ಕೂಲರ್, ತೊಳೆಯದ ಪಾತ್ರೆ, ಎಲ್ಲವೂ. ರಾತ್ರಿ ಮಾತ್ರವಲ್ಲ, ಹಗಲಲ್ಲೂ. "ಐದು ನಿಮಿಷ ನೀರಿನ ಹತ್ತಿರ ಹೋಗಿ ಬರುತ್ತೇವೆ" ಅಂತ ಮೇಜಿನ ಮೇಲೆ ಡಬ್ಬಿ ಬಿಟ್ಟು ಹೋಗಬೇಡಿ.

ಬಳ್ಳಾರಿ ಕಡೆಯ ದರೋಜಿ ಕರಡಿಧಾಮ ನೋಡಿದವರಿಗೆ ಅಲ್ಲಿ ಬಂಡೆಗಳಿಗೆ ಸಿಹಿ ಪಾಕ ಸವರಿ ಕರಡಿಗಳನ್ನು ಬರಿಸುವುದು ಗೊತ್ತಿರುತ್ತದೆ. ಅದು ಅರಣ್ಯ ಇಲಾಖೆಯವರು ಮಾಡುವ ಕೆಲಸ, ಜನ ದೂರದಿಂದ ನೋಡುತ್ತಾರೆ. ಇಲ್ಲಿ ಅಂಥದ್ದೇನೂ ಇಲ್ಲ. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಕ್ಯಾಂಪಿಗೆ, ಮನೆಗಳಿಗೆ ನುಗ್ಗುತ್ತದೆ, ಕೊನೆಗೆ ಅದನ್ನು ಕೊಲ್ಲಬೇಕಾದ ಸ್ಥಿತಿ ಬರುತ್ತದೆ. ನೀವು ಮೇಜಿನ ಮೇಲೆ ಮರೆತ ಒಂದು ಡಬ್ಬಿ ಚಿತ್ರಾನ್ನಕ್ಕೆ ಒಂದು ಕರಡಿಯ ಜೀವ ಹೋಗಬಹುದು. ಇದನ್ನು ಜೊತೆಗಿರುವ ಎಲ್ಲರಿಗೂ, ಮಕ್ಕಳಿಗೂ ಹೇಳಿ.

ಎದುರಾದರೆ ಓಡಬೇಡಿ. ಮಕ್ಕಳನ್ನು ಎತ್ತಿಕೊಳ್ಳಿ, ಒಟ್ಟಿಗೆ ನಿಂತು ಜೋರಾಗಿ ಕೂಗಿ, ತಟ್ಟೆ ಲೋಟ ಬಡಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ.

ಈಗ ಅಡುಗೆ. ಬಜ್ಜಿ ಬಿಡಿ. ಬಾಣಲೆ ಎಣ್ಣೆ, ಅದನ್ನು ಚೆಲ್ಲುವ ಜಾಗ, ಆ ವಾಸನೆ, ಯಾವುದೂ ಅಲ್ಲಿಗೆ ಹೊಂದುವುದಿಲ್ಲ. ಬಿಸಿಬೇಳೆ ಬಾತ್ ಮಾಡಿ, ಆದರೆ ಕುಕ್ಕರ್ ತೆಗೆದುಕೊಂಡು ಹೋಗಿ. ಆ ಎತ್ತರದಲ್ಲಿ ನೀರು 94 ಡಿಗ್ರಿ ಹತ್ತಿರವೇ ಕುದಿಯಲು ಶುರುವಾಗುತ್ತದೆ, ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ಒಗ್ಗರಣೆ, ಪುಡಿ, ಹುಣಸೆ ರಸ ಮನೆಯಲ್ಲೇ ಮಾಡಿಕೊಂಡರೆ ಅಲ್ಲಿ ಅರ್ಧ ಗಂಟೆಯ ಕೆಲಸ. ಅಡುಗೆ ಮಾಡುವವರೂ ಸರೋವರ ನೋಡಬೇಕು ತಾನೆ? ಇಡೀ ದಿನ ಹೆಂಗಸರು ಸ್ಟೋವ್ ಮುಂದೆ, ಉಳಿದವರೆಲ್ಲ ನೀರಿನಲ್ಲಿ, ಹಾಗಾಗಬಾರದು.

ಮುಸುರೆ ನೀರಿನ ವಿಷಯವನ್ನಂತೂ ಒತ್ತಿ ಹೇಳುತ್ತೇನೆ. ಪಾತ್ರೆಯನ್ನು ಸರೋವರದಲ್ಲೋ ಹೊಳೆಯಲ್ಲೋ ಕುಡಿಯುವ ನೀರಿನ ನಲ್ಲಿಯ ಕೆಳಗೋ ತೊಳೆಯಬೇಡಿ. ಮೊದಲು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಟಬ್ಬಿನಲ್ಲಿ ತೊಳೆದು ಪಾರ್ಕಿನವರು ತೋರಿಸಿದ ಕಡೆ ಮಾತ್ರ ಚೆಲ್ಲಿ. ಟಾಹೋಗೆ ಹೆಸರು ಬಂದಿರುವುದೇ ತಿಳಿನೀರಿನಿಂದ. ವಿಜ್ಞಾನಿಗಳು ಊಟದ ತಟ್ಟೆಯಷ್ಟು ಅಗಲದ ಬಿಳಿ ಬಿಲ್ಲೆಯೊಂದನ್ನು ನೀರಿಗಿಳಿಸಿ, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೆ ಅಂತ 1968ರಿಂದ ಅಳೆಯುತ್ತಾ ಬಂದಿದ್ದಾರೆ. ಆಗ ಅದು ಸರಾಸರಿ ನೂರು ಅಡಿ ಆಳದವರೆಗೂ ಕಾಣುತ್ತಿತ್ತು. ಈಗ 60, 70 ಅಡಿಗೇ ಮಾಯ. ರಸ್ತೆಗಳಿಂದ, ಊರುಗಳಿಂದ ಹರಿದು ಬರುವ ನುಣ್ಣನೆಯ ದೂಳು, ಪಾಚಿಗೆ ಗೊಬ್ಬರವಾಗುವ ಸಾರಜನಕ ರಂಜಕ ಇದಕ್ಕೆ ಕಾರಣ. ಅರವತ್ತಕ್ಕೂ ಹೆಚ್ಚು ಹಳ್ಳ ಹೊಳೆಗಳು ಒಳಗೆ ಬರುತ್ತವೆ, ಹೊರಗೆ ಹೋಗುವುದು ಟ್ರಕೀ ನದಿ ಒಂದೇ. ಒಳಗೆ ಸೇರಿದ್ದು ಬೇಗ ಹೊರಗೆ ಹೋಗುವುದಿಲ್ಲ.

ಇನ್ನೊಂದು, 14 ಜನ ಒಂದು ಸೈಟಿನಲ್ಲಿ ಇರುವಂತಿಲ್ಲ. ಸಾಮಾನ್ಯವಾಗಿ 8 ಜನಕ್ಕೆ ಮಿತಿ. ಅಕ್ಕಪಕ್ಕದ ಎರಡು ಸೈಟು ಹಿಡಿಯಿರಿ, ಇಲ್ಲವೇ ಗುಂಪಿನ ಸೈಟು ನೋಡಿ. ರಾತ್ರಿ 10ರ ಮೇಲೆ ಅಂತ್ಯಾಕ್ಷರಿ ಬೇಡ.

ಪ್ರಶ್ನೆ: ಊರಲ್ಲಿ ಬಾವಿಯಲ್ಲಿ ಈಜು ಕಲಿತವನು ನಾನು, ನೀರಿನ ಹೆದರಿಕೆ ಇಲ್ಲ. ಹತ್ತು ವರ್ಷದ ಮಗನಿಗೂ ಈಜು ಬರುತ್ತದೆ. ಆದರೂ ಲೈಫ್ ಜಾಕೆಟ್ ಬೇಕಾ? (ಸ್ಯಾನ್ ಹೋಸೆ)

ಬೇಕು. ಇಬ್ಬರಿಗೂ ಬೇಕು.

ಟಾಹೋದ ಅತಿ ಹೆಚ್ಚು ಆಳ 501 ಮೀಟರ್. ಆಗಸ್ಟ್ ತಿಂಗಳಲ್ಲಿ ಮೇಲ್ಪದರದ ನೀರು 18ರಿಂದ 20 ಡಿಗ್ರಿ ಇರಬಹುದು, ಜೂನಿನಲ್ಲಿ ಇನ್ನೂ ತಣ್ಣಗೆ. ದಡದಿಂದ ಸ್ವಲ್ಪ ದೂರಕ್ಕೇ ಕೆಲವು ಕಡೆ ನೆಲ ಒಮ್ಮೆಲೇ ಕುಸಿಯುತ್ತದೆ. ಅಷ್ಟು ತಣ್ಣನೆಯ ನೀರಿಗೆ ದಿಢೀರನೆ ಬಿದ್ದರೆ ದೇಹ ತಾನಾಗಿಯೇ ದೊಡ್ಡ ಉಸಿರೆಳೆಯುತ್ತದೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಉಸಿರಿನ ಜೊತೆ ನೀರೂ ಹೋಗುತ್ತದೆ. ಆಮೇಲೆ ಕೈಕಾಲು ಬೇಗ ಸೋಲುತ್ತವೆ. ಇದು ಧೈರ್ಯದ, ಈಜಿನ ಪ್ರಶ್ನೆಯೇ ಅಲ್ಲ. ಆದ್ದರಿಂದ ಜಿಗಿಯಬೇಡಿ, ಕಾಲು, ಸೊಂಟ, ಎದೆ ಅಂತ ನಿಧಾನಕ್ಕೆ ಇಳಿಯಿರಿ. ಕಯಾಕ್ ಅನ್ನುವ ಸಣ್ಣ ದೋಣಿ ಇರಲಿ, ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್ ಇರಲಿ, 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕು ಅನ್ನುವುದು ಕ್ಯಾಲಿಫೋರ್ನಿಯಾದ ಕಾನೂನು. ಮಗ ತೊಡಬೇಕು ಅಂದರೆ ಅಪ್ಪನೂ ತೊಡಲಿ.

ದೋಣಿಗೆ ಬೆಳಿಗ್ಗೆ ಹೋಗಿ. ಮಧ್ಯಾಹ್ನ ಗಾಳಿ ಏಳುತ್ತದೆ, ಹಿಂದಕ್ಕೆ ಹುಟ್ಟು ಹಾಕುವುದು ಬಹಳ ಕಷ್ಟ.

ಪ್ರಶ್ನೆ: ಮನೆ ಹಿತ್ತಲಲ್ಲಿ ಮರ ಕಡಿಸಿದ್ದೇವೆ. ಆ ಸೌದೆಯನ್ನೇ ತೆಗೆದುಕೊಂಡು ಹೋಗಬಹುದಾ? (ಪ್ಲೆಸೆಂಟನ್)

ಬೇಡ. ಸೌದೆಯೊಳಗೆ ಮರ ಕೊಲ್ಲುವ ಹುಳುಗಳು, ಶಿಲೀಂಧ್ರ ಇರಬಹುದು. ಕ್ಯಾಂಪಿನ ಹತ್ತಿರವೇ ಕೊಂಡು ಅಲ್ಲೇ ಉರಿಸಿ. ಕಾಡಿನಲ್ಲಿ ಬಿದ್ದ ಕಡ್ಡಿ ಆರಿಸುವಂತೆಯೂ ಇಲ್ಲ. ಬೆಂಕಿ ನಿಷೇಧ ಇದ್ದರೆ ಅದನ್ನು ಪೂರ್ತಿ ಪಾಲಿಸಿ.

ಪ್ರಶ್ನೆ: ಮಾವ ಶಿರಸಿ ಕಡೆ ಅರಣ್ಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ನೀರು ನೋಡಿಕೊಂಡು ಎರಡು ದಿನ ಏನು ಮಾಡುವುದು ಅಂತ ಕೇಳುತ್ತಿದ್ದಾರೆ. ರಾತ್ರಿ ಟಾಯ್ಲೆಟ್ ಬಗ್ಗೆಯೂ ಅವರಿಗೆ ಚಿಂತೆ. (ಡಬ್ಲಿನ್, ಕ್ಯಾಲಿಫೋರ್ನಿಯಾ)

ನಿಮ್ಮ ಮಾವನಿಗೆ ಎರಡು ದಿನ ಸಾಲುವುದಿಲ್ಲ.

ಶುಗರ್ ಪೈನ್ ಮರದ ಕಾಯಿ ಒಂದೂವರೆ ಅಡಿವರೆಗೂ ಉದ್ದ ಬೆಳೆಯುತ್ತದೆ, ಪೈನ್ ಜಾತಿಯಲ್ಲೇ ಅತಿ ಉದ್ದ. ಜೆಫ್ರಿ ಪೈನ್ ಸಿಕ್ಕರೆ ತೊಗಟೆಯ ಬಿರುಕಿಗೆ ಮೂಗಿಟ್ಟು ನೋಡಲು ಹೇಳಿ, ವೆನಿಲಾ ಪರಿಮಳ ಬರುತ್ತದೆ. ಇನ್ನು ಈ ಕಾಡಿನ ಕಥೆ. ಇಲ್ಲಿನ ಮೂಲನಿವಾಸಿಗಳಾದ ವಾಶೋ ಜನ ಸಾವಿರಾರು ವರ್ಷ ಬೇಸಿಗೆ ಕಳೆದ ದಡ ಇದು. ನೆವಾಡಾದ ವರ್ಜೀನಿಯಾ ಸಿಟಿಯ ಬೆಳ್ಳಿ ಗಣಿಗಳಿಗೆ ಮರ ಬೇಕಾಗಿ 1860ರ ದಶಕದಿಂದ ಶುರುವಾಗಿ ಕೆಲವೇ ದಶಕಗಳಲ್ಲಿ ಟಾಹೋ ಸುತ್ತಲಿನ ಕಾಡನ್ನು ಬಹುಪಾಲು ಬೋಳು ಮಾಡಿದರು. ಈಗ ಕಾಣುವುದು ಹೆಚ್ಚಾಗಿ ಆಮೇಲೆ ಬೆಳೆದ ಕಾಡು. ಆ ಮರದ ವ್ಯಾಪಾರದಲ್ಲಿ ದೊಡ್ಡ ಹೆಸರು ಡಿ.ಎಲ್. ಬ್ಲಿಸ್‌ರದು. 1929ರಲ್ಲಿ ಅದೇ ಮನೆತನದವರು 744 ಎಕರೆ ಜಾಗವನ್ನು ರಾಜ್ಯಕ್ಕೆ ಕೊಟ್ಟರು, ಇವತ್ತಿನ ಬ್ಲಿಸ್ ಪಾರ್ಕು ಶುರುವಾದದ್ದು ಅದರಿಂದಲೇ. ಕಾಡು ಕಡಿಯುವುದನ್ನೂ ಬೆಳೆಸುವುದನ್ನೂ ಕೆಲಸದಲ್ಲಿ ಕಂಡವರಿಗೆ ಇಲ್ಲಿ ನೋಡುವುದು ನನಗಿಂತ, ನಿಮಗಿಂತ ಜಾಸ್ತಿ ಇರುತ್ತದೆ. ರೇಂಜರುಗಳ ಜೊತೆ ಮಾತಾಡಲು ಬಿಡಿ, ನೀವು ಅನುವಾದಕ್ಕೆ ಜೊತೆಗಿರಿ. ಬ್ಯಾಂಕರ್ ಹೆಲ್ಮನ್ 1903ರಲ್ಲಿ ಕಟ್ಟಿಸಿದ ಬಂಗಲೆ, 1960ರ ಚಳಿಗಾಲದ ಒಲಿಂಪಿಕ್ಸಿನ ಸ್ಕೀ ದಾರಿಗಳೂ ಶುಗರ್ ಪೈನ್ ಪಾಯಿಂಟಿನಲ್ಲೇ ಇವೆ.

ಅಳಿಲಿನಂಥ ಚಿಪ್‌ಮಂಕ್‌ಗಳಿಗೆ ಕಡಲೆಕಾಯಿ ಹಾಕಬೇಡಿ ಅಂತ ಮಾತ್ರ ಹೇಳಿ. 2021ರಲ್ಲಿ ದಕ್ಷಿಣ ದಡದಲ್ಲಿ ಅವುಗಳಲ್ಲಿ ಪ್ಲೇಗ್ ಕಂಡು ಕೆಲವು ಜಾಗಗಳನ್ನು ಮುಚ್ಚಿದ್ದರು.

ಟಾಯ್ಲೆಟ್ ಚಿಂತೆ ಬೇಡ, ಫ್ಲಶ್ ಇರುವ ಕಟ್ಟಡಗಳಿವೆ. ಬುಕ್ ಮಾಡುವಾಗ ನಕ್ಷೆ ನೋಡಿ, ಟಾಯ್ಲೆಟ್ ಕಟ್ಟಡಕ್ಕೆ ಅಂಟಿಕೊಂಡ ಸೈಟು ಬೇಡ, ಬಾಗಿಲ ಸದ್ದು, ಬೆಳಕು ರಾತ್ರಿಯಿಡೀ ಇರುತ್ತದೆ. ಎರಡು ಮೂರು ಸೈಟು ಬಿಟ್ಟು ಹಿಡಿಯಿರಿ. ಮಾವನಿಗೆ ಹಣೆಗೆ ಕಟ್ಟುವ ಟಾರ್ಚು ಕೊಡಿ, ಕೈ ಖಾಲಿ ಇರುತ್ತದೆ. ಹಗಲಲ್ಲೇ ಒಂದು ಸಲ ದಾರಿ ನಡೆಸಿ ತೋರಿಸಿ. ರಾತ್ರಿ ಎದ್ದರೆ ಸಂಕೋಚ ಪಡದೆ ಎಬ್ಬಿಸಿ ಅಂತ ಮೊದಲೇ ಹೇಳಿ, ನೀವೂ ಜೊತೆಗೆ ಹೋಗಿ.